ಡಿಎನ್‌ಎ ಕತ್ತರಿಸಿದ್ದು ನಿಮ್ಮ ಜಿಂಕ್ ಕಾಂಪ್ಲೆಕ್ಸೇನಾ? ಖಾತ್ರಿ ಮಾಡಿಕೊಳ್ಳುವ ಬಗೆ

ಡಿಎನ್‌ಎಯನ್ನು ವಿದ್ಯುತ್ತಿನಿಂದ ಓಡಿಸಿ ಅದರ ಬೇರೆ ಬೇರೆ ರೂಪಗಳನ್ನು ಬ್ಯಾಂಡುಗಳಾಗಿ ಬಿಡಿಸುವ ಜೆಲ್ ಕೆಳಗೆ ಯುವಿ ದೀಪ ಹಚ್ಚಿದಾಗ ಕೆಳಗಿನ ಬ್ಯಾಂಡ್ ಮಾಯವಾಗಿ, ಮೇಲಿನ ಬ್ಯಾಂಡ್ ದಪ್ಪಗೆ ಹೊಳೆಯುವುದನ್ನು ನೋಡಿದರೆ ಆಗುವ ಖುಷಿ ನನಗೆ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಕೂತು ಮಾಡಿದ ಕಾಂಪ್ಲೆಕ್ಸ್ (ಲೋಹಕ್ಕೆ ಲಿಗ್ಯಾಂಡ್ ಅನ್ನುವ ಅಣುಗಳು ಅಂಟಿಕೊಂಡ ಸಂಯುಕ್ತ) ಡಿಎನ್‌ಎಯನ್ನು ಕತ್ತರಿಸಿಬಿಟ್ಟಿದೆ! ಆದರೆ ಆ ಹೊತ್ತಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕತ್ತರಿಸಿದ್ದು ಯಾರು? ಜಿಂಕಾ, ಬರೀ ಲಿಗ್ಯಾಂಡಾ, ಬಫರಿನಲ್ಲಿ ಕಣ್ಣಿಗೆ ಕಾಣದೆ ಸೇರಿಕೊಂಡಿದ್ದ ತಾಮ್ರವಾ, ಇಲ್ಲ ತಲೆ ಮೇಲಿನ ಟ್ಯೂಬ್‌ಲೈಟ್ ಬೆಳಕಾ?

ಈ ಬರಹ ಈ ಕೆಲಸಕ್ಕೆ ಹೊಸದಾಗಿ ಇಳಿದವರಿಗೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿ ಮೊದಲ ವರ್ಷದವರು, ಕಾಂಪ್ಲೆಕ್ಸ್ ಮಾಡುವುದು ಗೊತ್ತಿದ್ದು ಜೆಲ್ ಕೆಲಸ ಗೊತ್ತಿಲ್ಲದವರು. ಕಾಂಪ್ಲೆಕ್ಸ್ ತಯಾರಿಸುವ ವಿಧಾನ ನಾನು ಇಲ್ಲಿ ಹೇಳುವುದಿಲ್ಲ. ಅದು ನಿಮ್ಮ ಲಿಗ್ಯಾಂಡ್ ಮೇಲೆ ಹೋಗುತ್ತದೆ. ಅದು ಕೈಗೆ ಬಂದ ಮೇಲೆ ಏನು ಮಾಡಬೇಕು, ಎಲ್ಲೆಲ್ಲಿ ಮೋಸ ಹೋಗುತ್ತೇವೆ, ಅದನ್ನೇ ಹೇಳುತ್ತೇನೆ.

ಮೊದಲು, ಜಿಂಕೇ ಯಾಕೆ?

ಲೋಹದಿಂದ ಕ್ಯಾನ್ಸರ್ ಔಷಧಿ ಅಂದರೆ ಎಲ್ಲರಿಗೂ ನೆನಪಾಗುವುದು ಸಿಸ್‌ಪ್ಲಾಟಿನ್. 1965ರಲ್ಲಿ ಬಾರ್ನೆಟ್ ರೋಸನ್‌ಬರ್ಗ್ ಬ್ಯಾಕ್ಟೀರಿಯಾ ಮೇಲೆ ವಿದ್ಯುತ್ ಹಾಯಿಸಿ ನೋಡುತ್ತಿದ್ದಾಗ, ಪ್ಲಾಟಿನಮ್ ಎಲೆಕ್ಟ್ರೋಡಿನಿಂದ ಬಿಟ್ಟುಕೊಂಡ ಏನೋ ಒಂದು ವಸ್ತು ಕೋಶಗಳು ಇಬ್ಭಾಗವಾಗುವುದನ್ನೇ ತಡೆಯುತ್ತಿದೆ ಅಂತ ಗೊತ್ತಾಯಿತು. 1978ರ ಹೊತ್ತಿಗೆ ಅಮೆರಿಕದಲ್ಲಿ ಅದು ಔಷಧಿಯಾಯಿತು. ಅದು ಡಿಎನ್‌ಎಯನ್ನು ಕತ್ತರಿಸುವುದಿಲ್ಲ, ಗ್ವಾನಿನ್‌ನ ಎನ್7 ಸಾರಜನಕಕ್ಕೆ ಅಂಟಿಕೊಂಡು ಗಂಟು ಹಾಕುತ್ತದೆ. ಕೆಲಸವೇನೋ ಮಾಡುತ್ತದೆ, ಆದರೆ ಮೂತ್ರಪಿಂಡ, ಕಿವಿ, ನರ ಎಲ್ಲಕ್ಕೂ ಪೆಟ್ಟು ಕೊಡುತ್ತದೆ. ದೇಹಕ್ಕೆ ಮೊದಲೇ ಪರಿಚಯವಿರುವ ಲೋಹದಲ್ಲಿ ಏನಾದರೂ ಆಗುತ್ತದಾ ಅಂತ ಜನ ಹುಡುಕಲು ಹೊರಟಿದ್ದು ಇದೇ ಕಾರಣಕ್ಕೆ. ವಯಸ್ಕರ ಮೈಯಲ್ಲಿ 2ರಿಂದ 3 ಗ್ರಾಂ ಜಿಂಕ್, ಅಂದರೆ ಸತು, ಇದ್ದೇ ಇರುತ್ತದೆ.

ಇನ್ನೊಂದು ಕಾರಣ ಇನ್ನೂ ಚೆಂದ. ತಾಮ್ರ, ಕಬ್ಬಿಣ ಡಿಎನ್‌ಎಯನ್ನು ಕತ್ತರಿಸುವ ರೀತಿ ಒರಟು. ಅವು ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಂಡು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಂಥ ಉರಿಯುವ ಕಣಗಳನ್ನು ಹುಟ್ಟಿಸುತ್ತವೆ, ಅವು ಸಕ್ಕರೆಯ ಭಾಗವನ್ನೇ ಹರಿದು ಹಾಕುತ್ತವೆ. ಜಿಂಕ್ ಅಯಾನಿನ ಡಿ ಕವಚದಲ್ಲಿ 10 ಎಲೆಕ್ಟ್ರಾನ್ ಪೂರ್ತಿ ತುಂಬಿವೆ. ಅದಕ್ಕೆ ಈ ಕೊಡುಕೊಳ್ಳುವ ವ್ಯವಹಾರವೇ ಬೇಡ. ಅದು ಮಾಡುವುದು ಬೇರೆ ಕೆಲಸ. ಪಕ್ಕದಲ್ಲಿರುವ ನೀರಿನ ಅಣುವಿನಿಂದ ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಆಗ ಆ ನೀರು ಸುಲಭವಾಗಿ ಪ್ರೋಟಾನ್ ಬಿಟ್ಟು ಹೈಡ್ರಾಕ್ಸೈಡ್ ಆಗುತ್ತದೆ, ಆ ಹೈಡ್ರಾಕ್ಸೈಡ್ ಫಾಸ್ಫರಸ್ ಮೇಲೆ ಹೋಗಿ ಬೀಳುತ್ತದೆ, ಬಂಧ ಬಿಡುತ್ತದೆ. ಸುಮ್ನೆ ಇರುವ ನೀರಿನ ಪಿಕೆಎ (ಈ ಸಂಖ್ಯೆ ಕಡಿಮೆಯಾದಷ್ಟೂ ಪ್ರೋಟಾನ್ ಸುಲಭವಾಗಿ ಬಿಡುತ್ತದೆ) 15ರ ಮೇಲಿದೆ. ಸೈಕ್ಲೆನ್ ಲಿಗ್ಯಾಂಡ್ ಹಿಡಿದಿರುವ ಜಿಂಕಿನ ಮೇಲೆ ಕೂತ ನೀರಿನದು ಸುಮಾರು 7.9. ನಮ್ಮ ಮೈಯಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವದಲ್ಲಿ ಅದು 7ರ ಹತ್ತಿರ ಬರುತ್ತದೆ. ಪಿ1 ನ್ಯೂಕ್ಲಿಯೇಸ್ ಅನ್ನುವ ಕಿಣ್ವ ಮೂರು ಜಿಂಕ್ ಇಟ್ಟುಕೊಂಡು ಇದೇ ಕೆಲಸ ಮಾಡುತ್ತದೆ. ಅಂದರೆ ನಾವು ಫ್ಲಾಸ್ಕಿನಲ್ಲಿ ಮಾಡಲು ಹೊರಟಿರುವುದು ಪ್ರಕೃತಿ ಮೊದಲೇ ಮಾಡಿ ತೋರಿಸಿರುವುದನ್ನು.

ಇದು ಎಷ್ಟು ಕಷ್ಟದ ಕೆಲಸ ಅಂತ ತಿಳಿದಿರಲಿ. ಡಿಎನ್‌ಎಯ ಒಂದು ಫಾಸ್ಫೋಡೈಎಸ್ಟರ್ ಬಂಧ ಯಾರ ಸಹಾಯವೂ ಇಲ್ಲದೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರೀ ನೀರಿನಿಂದ ಬಿಡಬೇಕಾದರೆ ಅದರ ಅರ್ಧಾಯುಷ್ಯ ಸುಮಾರು 3 ಕೋಟಿ ವರ್ಷ ಅಂತ ಲೆಕ್ಕ. ಅಷ್ಟು ಗಟ್ಟಿ ಬಂಧವನ್ನು ನಾಲ್ಕು ಗಂಟೆಯಲ್ಲಿ ಬಿಡಿಸಿದೆ ಅಂತ ಹೇಳಬೇಕಾದರೆ ಕೈಯಲ್ಲಿ ಸಾಕ್ಷಿ ಗಟ್ಟಿಯಾಗಿರಬೇಕು, ಅಲ್ವಾ?

ನೀರಿಗೆ ಹಾಕಿದ ಮೇಲೂ ಕಾಂಪ್ಲೆಕ್ಸ್ ಉಳಿದಿದೆಯಾ ನೋಡಿ

ಹರಳಿನ ಚಿತ್ರ ಸುಂದರವಾಗಿ ಬಂದಿರುತ್ತದೆ. ಆದರೆ ಅದು ಘನರೂಪದ ಕತೆ. ಜಿಂಕ್ ಚಂಚಲ ಲೋಹ. ಅದರ ಸುತ್ತಲಿನ ನೀರು ಸೆಕೆಂಡಿಗೆ ಕೋಟಿ ಬಾರಿ ಜಾಗ ಬದಲಿಸುತ್ತದೆ. ಲಿಗ್ಯಾಂಡ್ ಕೂಡ ಬಿಟ್ಟುಹೋಗಬಹುದು. ಜಾಸ್ತಿ ಜನ ಬಳಸುವ 1,10-ಫಿನಾಂತ್ರೋಲಿನ್‌ನನ್ನೇ ನೋಡಿ. ಜಿಂಕಿನ ಜೊತೆ ಅದರ ಮೊದಲ ಸ್ಥಿರಾಂಕ, ಅಂದರೆ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವ ಅಳತೆ, ಸುಮಾರು 10ರ ಘಾತ 6.4. ಕೇಳಲು ದೊಡ್ಡದು. ಆದರೆ ಲೆಕ್ಕ ಹಾಕಿದರೆ, ಒಂದಕ್ಕೊಂದು ಕೂಡಿದ ಕಾಂಪ್ಲೆಕ್ಸನ್ನು 1 ಮೈಕ್ರೋಮೋಲಾರ್‌ಗೆ ತೆಳು ಮಾಡಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಬಿಡಿಬಿಡಿಯಾಗಿರುತ್ತದೆ. ಅಂದರೆ ನಿಮ್ಮ ಟ್ಯೂಬಿನಲ್ಲಿ ಇರುವುದು ಕಾಂಪ್ಲೆಕ್ಸ್ ಮಾತ್ರ ಅಲ್ಲ, ಬಿಡಿ ಜಿಂಕ್ ಮತ್ತು ಬಿಡಿ ಫಿನಾಂತ್ರೋಲಿನ್ ಕೂಡ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಎರಡು ಸಲ ಬರುತ್ತದೆ.

ಜಿಂಕಿನ ಕಾಂಪ್ಲೆಕ್ಸಿಗೆ ಲೋಹದ ಸ್ವಂತ ಬಣ್ಣ ಇರುವುದಿಲ್ಲ, ಹಾಗಾಗಿ ಯುವಿ ರೋಹಿತದಲ್ಲಿ ಕಾಣುವುದು ಲಿಗ್ಯಾಂಡಿನ ಪಟ್ಟಿಗಳು ಮಾತ್ರ. ಪರವಾಗಿಲ್ಲ. ನೀವು ಪರೀಕ್ಷೆಗೆ ಬಳಸುವ ಅದೇ ಬಫರಿನಲ್ಲಿ, ಅದೇ ಸಾಂದ್ರತೆಯಲ್ಲಿ, 37 ಡಿಗ್ರಿಯಲ್ಲಿ ಇಟ್ಟು 0, 4, 24 ಗಂಟೆಗೆ ರೋಹಿತ ತೆಗೆಯಿರಿ. ಬರೀ ಲಿಗ್ಯಾಂಡಿನದ್ದೂ ತೆಗೆದು ಪಕ್ಕದಲ್ಲಿ ಇಡಿ. ಕಾಂಪ್ಲೆಕ್ಸಿನ ಗೆರೆ ನಿಧಾನಕ್ಕೆ ಲಿಗ್ಯಾಂಡಿನ ಗೆರೆ ಕಡೆ ಜಾರುತ್ತಿದ್ದರೆ ವಿಷಯ ಗೊತ್ತಾಯಿತು. ಜಿಂಕ್ ಕಾಂತೀಯ ತೊಂದರೆ ಕೊಡದ ಲೋಹವಾದ್ದರಿಂದ ಎನ್‌ಎಂಆರ್ ಕೂಡ ಚೆನ್ನಾಗಿ ಬರುತ್ತದೆ. ತಾಮ್ರದವರಿಗೆ ಈ ಭಾಗ್ಯವಿಲ್ಲ.

ಜೊತೆಗೆ ಇನ್ನೊಂದು ನೋಡಿ: ನಿಮ್ಮ ಜಿಂಕಿನ ಮೇಲೆ ನೀರು ಕೂರಲು ಜಾಗ ಇದೆಯಾ? ಮೂರು ಫಿನಾಂತ್ರೋಲಿನ್ ಸುತ್ತುವರಿದು ಆರೂ ಜಾಗ ತುಂಬಿದ್ದರೆ ನೀರು ಬರುವುದೆಲ್ಲಿಗೆ? ಅಂಥದ್ದು ಕತ್ತರಿಸಿದೆ ಅಂತ ಜೆಲ್ ಹೇಳಿದರೆ, ಒಂದು ಲಿಗ್ಯಾಂಡ್ ಬಿಟ್ಟುಹೋಗಿದೆ, ಇಲ್ಲವೇ ಬೇರೆ ಯಾರೋ ಕತ್ತರಿಸಿದ್ದಾರೆ.

ಬಫರ್: ಅರ್ಧ ಕೆಲಸ ಕೆಡುವುದು ಇಲ್ಲೇ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಾನೇ ಮೂರು ವಾರ ಕಳೆದುಕೊಂಡಿದ್ದೇನೆ.

ನನ್ನ ಕಾಂಪ್ಲೆಕ್ಸ್ ಒಂದು ದಿನ ಕತ್ತರಿಸುತ್ತಿತ್ತು, ಇನ್ನೊಂದು ದಿನ ಇಲ್ಲ. 100 ಮೈಕ್ರೋಮೋಲಾರ್‌ನಲ್ಲಿ ಚೆನ್ನಾಗಿ, 50ರಲ್ಲಿ ಏನೂ ಇಲ್ಲ, ನಡುವೆ ಒಂದೇ ಸಲಕ್ಕೆ ಜಿಗಿತ. ಕಾಂಪ್ಲೆಕ್ಸ್ ಮತ್ತೆ ಮಾಡಿದೆ, ಮತ್ತೆ ಶುದ್ಧ ಮಾಡಿದೆ, ಅದೇ ಕತೆ. ಕೊನೆಗೆ ಗೊತ್ತಾಗಿದ್ದು ಏನು? ಪ್ಲಾಸ್ಮಿಡ್ (ಪರೀಕ್ಷೆಗೆ ಬಳಸುವ ಉಂಗುರದಂಥ ಡಿಎನ್‌ಎ) ಟಿಇ ಬಫರಿನಲ್ಲಿ ಬಂದಿತ್ತು. ಟಿಇ ಅಂದರೆ 10 ಮಿಲಿಮೋಲಾರ್ ಟ್ರಿಸ್ ಮತ್ತು 1 ಮಿಲಿಮೋಲಾರ್ ಇಡಿಟಿಎ. ಸೀಸೆಯಲ್ಲಿ ಮೈಕ್ರೋಲೀಟರಿಗೆ 250 ನ್ಯಾನೋಗ್ರಾಂ ಡಿಎನ್‌ಎ ಇತ್ತು. 300 ನ್ಯಾನೋಗ್ರಾಂ ಬೇಕು ಅಂತ 1.2 ಮೈಕ್ರೋಲೀಟರ್ ತೆಗೆದು 20 ಮೈಕ್ರೋಲೀಟರ್ ಮಿಶ್ರಣಕ್ಕೆ ಹಾಕಿದರೆ, ಅದರ ಜೊತೆಗೆ ಹೋಗುವ ಇಡಿಟಿಎ 60 ಮೈಕ್ರೋಮೋಲಾರ್. ಜಿಂಕನ್ನು ಇಡಿಟಿಎ ಹಿಡಿಯುವ ಸ್ಥಿರಾಂಕ 10ರ ಘಾತ 16ಕ್ಕೂ ಜಾಸ್ತಿ. ನನ್ನ 50 ಮೈಕ್ರೋಮೋಲಾರ್ ಕಾಂಪ್ಲೆಕ್ಸಿನ ಜಿಂಕನ್ನೆಲ್ಲ ಅದು ನುಂಗಿ ಕೂತಿತ್ತು. 100 ಹಾಕಿದಾಗ ಉಳಿಯುತ್ತಿದ್ದುದು 40 ಮಾತ್ರ. ಜಿಗಿತ ಬಂದಿದ್ದು ಅದಕ್ಕೇ.

ಆದ್ದರಿಂದ ಪ್ಲಾಸ್ಮಿಡ್ ಸೀಸೆ ಕೈಗೆ ಬಂದ ತಕ್ಷಣ ಅದು ಯಾವುದರಲ್ಲಿ ಕರಗಿದೆ ಅಂತ ಓದಿ. ಟಿಇ ಆಗಿದ್ದರೆ ಎಥನಾಲ್ ಹಾಕಿ ಡಿಎನ್‌ಎಯನ್ನು ಕೆಳಗಿಳಿಸಿ, 70% ಎಥನಾಲಿನಲ್ಲಿ ತೊಳೆದು, ಇಡಿಟಿಎ ಇಲ್ಲದ ಟ್ರಿಸ್‌ನಲ್ಲಿ ಮತ್ತೆ ಕರಗಿಸಿ. ಆಮೇಲೆ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರಿಗೆ ಹಾಕಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಪ್ಲಾಸ್ಮಿಡ್ ತಾನಾಗಿಯೇ ಸೀಳುತ್ತದೆ, ಹೋಲಿಕೆಗೆ ಇಡುವ ನಿಮ್ಮ ಕಂಟ್ರೋಲ್ ಹಾಳಾಗುತ್ತದೆ.

ಫಾಸ್ಫೇಟ್ ಬಫರ್ ಬೇಡವೇ ಬೇಡ. ಜಿಂಕ್ ಫಾಸ್ಫೇಟ್ ಆಗಿ ತಳಕ್ಕೆ ಕೂರುತ್ತದೆ. ಕಡಿಮೆ ಸಾಂದ್ರತೆಯಲ್ಲಿ ಆ ಬಿಳಿ ಮಬ್ಬು ಕಣ್ಣಿಗೂ ಕಾಣುವುದಿಲ್ಲ. ಟ್ರಿಸ್ ಅಥವಾ ಹೆಪೆಸ್ ಬಳಸಿ, 50 ಮಿಲಿಮೋಲಾರ್, ಜೊತೆಗೆ 50 ಮಿಲಿಮೋಲಾರ್ ಉಪ್ಪು. ಟ್ರಿಸ್ ಆದರೆ ಒಂದು ಎಚ್ಚರ: ಅದರ ಪಿಎಚ್ ಪ್ರತಿ ಡಿಗ್ರಿಗೆ ಸುಮಾರು 0.028ರಷ್ಟು ಇಳಿಯುತ್ತದೆ. 25 ಡಿಗ್ರಿಯಲ್ಲಿ 7.4 ಅಂತ ಮಾಡಿಟ್ಟದ್ದು 37ರಲ್ಲಿ 7.1ರ ಹತ್ತಿರ ಇರುತ್ತದೆ. ಕೆಲಸ ಮಾಡುವ ತಾಪದಲ್ಲೇ ಪಿಎಚ್ ಸರಿ ಮಾಡಿಕೊಳ್ಳಿ. ಜಿಂಕಿನ ಮೇಲಿನ ನೀರಿನ ಪಿಕೆಎ ಇದೇ ಆಸುಪಾಸಿನಲ್ಲಿ ಇರುವುದರಿಂದ ಈ 0.3 ಸಣ್ಣ ವ್ಯತ್ಯಾಸ ಅಲ್ಲ.

ಇನ್ನು ತಾಮ್ರ. ನೀರಿನಲ್ಲಿ, ಉಪ್ಪಿನಲ್ಲಿ, ಬಫರಿನ ಪುಡಿಯಲ್ಲಿ ಎಲ್ಲೋ ಒಂದು ಚೂರು ತಾಮ್ರ ಇರುತ್ತದೆ. ಫಿನಾಂತ್ರೋಲಿನ್ ಸಿಕ್ಕರೆ ಅದು ಬಲು ಜೋರಾಗಿ ಡಿಎನ್‌ಎ ಕತ್ತರಿಸುತ್ತದೆ. ಸಿಗ್ಮನ್ ಅವರ ತಂಡ ಇದನ್ನು 1979ರಲ್ಲೇ ತೋರಿಸಿದೆ. ಜಿಂಕ್ ಬಿಟ್ಟುಕೊಟ್ಟ ಫಿನಾಂತ್ರೋಲಿನ್ ಬಗ್ಗೆ ಮೇಲೆ ಹೇಳಿದ್ದು ನೆನಪಿದೆಯಲ್ಲ? ಅದೇ ಇಲ್ಲಿ ತಾಮ್ರವನ್ನು ಹೋಗಿ ಹಿಡಿಯುತ್ತದೆ. ಬಫರನ್ನು ಲೋಹ ಹಿಡಿಯುವ ಚೆಲೆಕ್ಸ್ ರಾಳದ ಮೂಲಕ ಹಾಯಿಸಿ ಬಳಸಿದರೆ ಈ ಕಾಟ ತುಂಬಾ ಕಡಿಮೆಯಾಗುತ್ತದೆ. ರಾಳದ ಕಣಗಳು ಬಫರಿನಲ್ಲಿ ಉಳಿಯದ ಹಾಗೆ ನೋಡಿಕೊಳ್ಳಿ, ಉಳಿದರೆ ಅವು ನಿಮ್ಮ ಜಿಂಕನ್ನೂ ಹಿಡಿಯುತ್ತವೆ.

ಟ್ಯೂಬಿನಲ್ಲಿ ಏನೇನು

ಪಿಯುಸಿ19 ಅಥವಾ ಪಿಬಿಆರ್322, ಯಾವುದಾದರೂ ಸರಿ. ಮೊದಲನೆಯದು 2686 ಬೇಸ್ ಜೋಡಿ, ಎರಡನೆಯದು 4361. ಪ್ಲಾಸ್ಮಿಡ್ ಯಾಕೆ ಅಂದರೆ ಒಂದೇ ಒಂದು ಏಟು ಬಿದ್ದರೂ ಅದು ಹೇಳಿಬಿಡುತ್ತದೆ. ಹುರಿಗೊಳಿಸಿದ ಹಗ್ಗವನ್ನು ಉಂಗುರ ಮಾಡಿ ಬಿಟ್ಟರೆ ಅದು ತನ್ನ ಮೇಲೆ ತಾನೇ ಸುತ್ತಿಕೊಂಡು ಗಟ್ಟಿ ಮುದ್ದೆಯಾಗುತ್ತದಲ್ಲ, ಹಾಗೆ ಇರುತ್ತದೆ ಸೂಪರ್‌ಕಾಯಿಲ್ಡ್ ರೂಪ. ಒಂದು ಎಳೆಯಲ್ಲಿ ಒಂದು ಕಡೆ ಸೀಳಿದರೆ ಸಾಕು, ಹುರಿ ಎಲ್ಲ ಬಿಚ್ಚಿಕೊಂಡು ಅಗಲ ಬಳೆಯಾಗುತ್ತದೆ. ಎರಡೂ ಎಳೆ ಅಕ್ಕಪಕ್ಕದಲ್ಲೇ ಸೀಳಿದರೆ ಬಳೆ ಒಡೆದು ನೇರ ಕಡ್ಡಿಯಾಗುತ್ತದೆ. ಜೆಲ್‌ನಲ್ಲಿ ಮುದ್ದೆ ಬೇಗ ಓಡುತ್ತದೆ, ಬಳೆ ಹಿಂದೆ ಉಳಿಯುತ್ತದೆ, ಕಡ್ಡಿ ಸಾಮಾನ್ಯವಾಗಿ ನಡುವೆ.

20 ಮೈಕ್ರೋಲೀಟರಿನಲ್ಲಿ 300 ನ್ಯಾನೋಗ್ರಾಂ ಡಿಎನ್‌ಎ ಅಂದರೆ ಫಾಸ್ಫೇಟ್ ಲೆಕ್ಕದಲ್ಲಿ ಸುಮಾರು 46 ಮೈಕ್ರೋಮೋಲಾರ್. ಹಾಗಾಗಿ 100 ಮೈಕ್ರೋಮೋಲಾರ್ ಕಾಂಪ್ಲೆಕ್ಸ್ ಹಾಕಿದರೆ ಪ್ರತಿ ಫಾಸ್ಫೇಟಿಗೂ ಎರಡು ಅಣು ಹಾಕಿದ ಹಾಗೆ. ಅದು ಬಹಳ ಜಾಸ್ತಿ. 5, 10, 25, 50, 100 ಅಂತ ಮೆಟ್ಟಿಲು ಮಾಡಿ. ಪ್ಲಾಸ್ಮಿಡ್ ಹಾಕುವುದು ಕೊನೆಗೆ. 37 ಡಿಗ್ರಿ, ಕತ್ತಲಲ್ಲಿ, ಟ್ಯೂಬಿಗೆ ಫಾಯಿಲ್ ಸುತ್ತಿ. ಮೊದಲ ಸಲ 4 ಗಂಟೆ ಇಟ್ಟು ನೋಡಿ.

ಕಾಂಪ್ಲೆಕ್ಸ್ ನೀರಿನಲ್ಲಿ ಕರಗದೆ ಡಿಎಂಎಸ್‌ಒ ಬೇಕಾದರೆ ಎಷ್ಟು ಹಾಕುತ್ತಿದ್ದೀರಿ ಅಂತ ಗಮನವಿರಲಿ. 1% ಅಂದರೇನೇ 140 ಮಿಲಿಮೋಲಾರ್. ಡಿಎಂಎಸ್‌ಒ ಸ್ವತಃ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹಿಡಿಯುವ ವಸ್ತು. ಅದನ್ನೇ ದ್ರಾವಕ ಮಾಡಿಕೊಂಡು, ಆಮೇಲೆ ಇನ್ನಷ್ಟು ಡಿಎಂಎಸ್‌ಒ ಹಾಕಿ “ರ‍್ಯಾಡಿಕಲ್ ಪಾತ್ರ ಇಲ್ಲ” ಅಂತ ಬರೆದಿರುವ ಬರಹಗಳನ್ನು ನಾನು ಓದಿದ್ದೇನೆ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಲೇನ್‌ಗಳ (ಜೆಲ್‌ನಲ್ಲಿ ಒಂದೊಂದು ಮಾದರಿ ಓಡುವ ಸಾಲು) ವಿಷಯದಲ್ಲಿ ಜಿಪುಣತನ ಮಾಡಬೇಡಿ. ಬರೀ ಡಿಎನ್‌ಎ ಒಂದು, ಡಿಎನ್‌ಎ ಜೊತೆ ಅಷ್ಟೇ ದ್ರಾವಕ ಒಂದು, ಅಷ್ಟೇ ಸಾಂದ್ರತೆಯ ಜಿಂಕ್ ಕ್ಲೋರೈಡ್ ಅಥವಾ ನೈಟ್ರೇಟ್ ಒಂದು, ಬರೀ ಲಿಗ್ಯಾಂಡ್ ಒಂದು (ಕಾಂಪ್ಲೆಕ್ಸಿನಲ್ಲಿ ಎರಡು ಲಿಗ್ಯಾಂಡ್ ಇದ್ದರೆ ಎರಡು ಪಟ್ಟು ಹಾಕಬೇಕು, ಇದನ್ನು ಮರೆಯುವವರೇ ಜಾಸ್ತಿ), ಕಾಂಪ್ಲೆಕ್ಸ್ ಜೊತೆ ಇಡಿಟಿಎ ಒಂದು, ಇಕೋಆರ್1 ಕಿಣ್ವದಿಂದ ಕತ್ತರಿಸಿದ ಕಡ್ಡಿ ರೂಪ ಒಂದು. ಎರಡೂ ಪ್ಲಾಸ್ಮಿಡ್‌ಗಳಲ್ಲಿ ಇಕೋಆರ್1 ಒಂದೇ ಕಡೆ ಕತ್ತರಿಸುತ್ತದೆ, ಹಾಗಾಗಿ ನಡುವಿನ ಬ್ಯಾಂಡ್ ಎಲ್ಲಿ ಬರಬೇಕು ಅಂತ ಅದೇ ತೋರಿಸುತ್ತದೆ.

ಸಮಯ ಆದ ಮೇಲೆ ಇಡಿಟಿಎ ಇರುವ ಲೋಡಿಂಗ್ ಡೈ ಹಾಕಿದರೆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ಮಾತ್ರ ಇಡಿಟಿಎ ನಮ್ಮ ಗೆಳೆಯ. 1% ಅಗರೋಸ್, ಟಿಎಇ ಬಫರ್, 60 ವೋಲ್ಟ್‌ನಲ್ಲಿ ನಿಧಾನಕ್ಕೆ ಓಡಿಸಿ. ಎಥಿಡಿಯಮ್ ಬ್ರೋಮೈಡ್ ಡಿಎನ್‌ಎ ಒಳಗೆ ನುಗ್ಗುವ ವಸ್ತು, ಕೈಗವಸು ಇಲ್ಲದೆ ಮುಟ್ಟಬೇಡಿ. ಯುವಿ ಮುಂದೆ ಮುಖಕ್ಕೆ ಶೀಲ್ಡ್ ಇರಲಿ.

ಬ್ಯಾಂಡ್ ಓದುವಾಗ

ಮೊದಲು ಬಾವಿಗಳನ್ನು ನೋಡಿ, ಅಂದರೆ ಜೆಲ್‌ನ ಗುಳಿಗಳನ್ನು. ಧನ ಆವೇಶದ ಕಾಂಪ್ಲೆಕ್ಸ್ ಜಾಸ್ತಿ ಹಾಕಿದಾಗ ಡಿಎನ್‌ಎ ಗಂಟುಗಟ್ಟಿ ಗುಳಿಯಲ್ಲೇ ಕೂತುಬಿಡುತ್ತದೆ. ಕೆಳಗಿನ ಬ್ಯಾಂಡ್ ಕಾಣೆಯಾಗಿದ್ದು ನಿಜ, ಆದರೆ ಅದು ಕತ್ತರಿಸಿದ್ದರಿಂದ ಅಲ್ಲ. ಒಂದು ಲೇನಿನ ಎಲ್ಲ ಬ್ಯಾಂಡುಗಳ ಒಟ್ಟು ಹೊಳಪನ್ನು ಕಂಟ್ರೋಲ್ ಲೇನಿನ ಜೊತೆ ಹೋಲಿಸಿ. ಗಣನೀಯವಾಗಿ ಕಡಿಮೆಯಾಗಿದ್ದರೆ ಆ ಲೇನ್ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಲೋಡಿಂಗ್ ಡೈಗೆ ಸ್ವಲ್ಪ ಎಸ್‌ಡಿಎಸ್ ಮಾರ್ಜಕ ಸೇರಿಸಿದರೆ ಅಂಟಿಕೊಂಡ ಕಾಂಪ್ಲೆಕ್ಸ್ ಬಿಟ್ಟುಕೊಳ್ಳಲು ಸಹಾಯವಾಗುತ್ತದೆ.

ಆಮೇಲೆ ಹೊಳಪಿನ ತಿದ್ದುಪಡಿ. ಬಿಗಿಯಾಗಿ ಸುತ್ತಿಕೊಂಡ ಡಿಎನ್‌ಎ ಒಳಗೆ ಎಥಿಡಿಯಮ್ ಕಡಿಮೆ ಸೇರುತ್ತದೆ. ಹಾಗಾಗಿ ಅದರ ಬ್ಯಾಂಡ್ ಇರುವುದಕ್ಕಿಂತ ಮಂದವಾಗಿ ಕಾಣುತ್ತದೆ. 1.4ರ ಆಸುಪಾಸಿನ ಒಂದು ಗುಣಕ ಹಾಕುವುದು ರೂಢಿ. ಆದರೆ ಬೇರೆಯವರ ಸಂಖ್ಯೆ ಎತ್ತಿಕೊಳ್ಳುವ ಬದಲು ನೀವೇ ಅಳೆಯುವುದು ಒಳ್ಳೆಯದು: ಒಂದೇ ತೂಕದ ಡಿಎನ್‌ಎಯನ್ನು ಹಾಗೇ ಒಂದು ಲೇನಿಗೆ, ಇಕೋಆರ್1ನಿಂದ ಕಡ್ಡಿ ಮಾಡಿ ಇನ್ನೊಂದು ಲೇನಿಗೆ ಹಾಕಿ, ಎರಡರ ಹೊಳಪು ಭಾಗಿಸಿ. ಹತ್ತು ನಿಮಿಷದ ಲೆಕ್ಕ. ಅಂಗಡಿಯಿಂದ ಬಂದ ಪ್ಲಾಸ್ಮಿಡ್‌ನಲ್ಲಿ ಮೊದಲೇ ಸ್ವಲ್ಪ ಬಳೆ ರೂಪ ಇರುತ್ತದೆ, ಅದನ್ನೂ ಕಳೆಯಬೇಕು.

ಸೂಪರ್‌ಕಾಯಿಲ್ಡ್ ಭಾಗ 37%ಗೆ ಇಳಿದಾಗ ಸರಾಸರಿ ಪ್ರತಿ ಪ್ಲಾಸ್ಮಿಡ್‌ಗೆ ಒಂದು ಸೀಳು ಬಿದ್ದಿದೆ ಅಂತ ಅರ್ಥ. ಪಾಯ್ಸಾನ್ ಲೆಕ್ಕ ಹೇಳುವುದು ಇದನ್ನೇ. ಈಗ ಒಂದು ಸೂಕ್ಷ್ಮ ನೋಡಿ. ಸೀಳುಗಳು ಮನಸ್ಸಿಗೆ ಬಂದ ಕಡೆ ಬೀಳುತ್ತಿದ್ದರೆ, ಎದುರುಬದುರು ಎಳೆಗಳಲ್ಲಿ ಹತ್ತಿರ ಹತ್ತಿರ ಎರಡು ಬಿದ್ದು ಕಡ್ಡಿ ಆಗಬೇಕಾದರೆ ತುಂಬಾ ಸೀಳುಗಳು ಬೇಕು, ಅಷ್ಟು ಹೊತ್ತಿಗೆ ಸೂಪರ್‌ಕಾಯಿಲ್ಡ್ ಪೂರ್ತಿ ಮುಗಿದಿರುತ್ತದೆ. ಸೂಪರ್‌ಕಾಯಿಲ್ಡ್ ಇನ್ನೂ ಇರುವಾಗಲೇ ಕಡ್ಡಿ ಬ್ಯಾಂಡ್ ಕಂಡರೆ ಎರಡು ಎಳೆಯೂ ಒಟ್ಟಿಗೆ ಹೋಗುತ್ತಿದೆ. ಇದು ಅಪರೂಪ, ಕ್ಯಾನ್ಸರ್ ದೃಷ್ಟಿಯಿಂದ ಬೆಲೆಬಾಳುವಂಥದ್ದು, ಯಾಕೆಂದರೆ ಒಂದು ಎಳೆಯ ಗಾಯವನ್ನು ಕೋಶ ಬೇಗ ಹೊಲಿದುಕೊಳ್ಳುತ್ತದೆ, ಎರಡು ಎಳೆಯದ್ದು ಅಷ್ಟು ಸುಲಭ ಅಲ್ಲ. ಕಂಡರೆ ಮೂರು ಸಲ ಮಾಡಿ ನೋಡಿ, ಬಿಡಬೇಡಿ.

ಕತ್ತರಿಸಿದ್ದು ಯಾರು?

ಜಿಂಕ್ ಅಂದ ಮಾತ್ರಕ್ಕೆ ನೀರಿನಿಂದಲೇ ಕತ್ತರಿಸಿದೆ ಅಂತ ಬರೆಯುವ ಹಾಗಿಲ್ಲ. ಲಿಗ್ಯಾಂಡ್ ಬಣ್ಣದ್ದಾಗಿದ್ದರೆ, ಪಾರ್ಫಿರಿನ್, ಥಾಲೋಸಯನಿನ್, ಕರ್ಕ್ಯುಮಿನ್ ಇಂಥವು ಇದ್ದರೆ, ಬೆಳಕು ಹೀರಿ ಸಿಂಗ್ಲೆಟ್ ಆಮ್ಲಜನಕ ಹುಟ್ಟಿಸಿ ಕತ್ತರಿಸಬಹುದು. ಕತ್ತಲಲ್ಲಿ ಒಂದು, ಬೆಳಕಲ್ಲಿ ಒಂದು ಜೆಲ್ ಮಾಡಿ ಹೋಲಿಸಿ. ಬೆಳಕಲ್ಲಿ ಮಾತ್ರ ಕತ್ತರಿಸಿದರೆ ಬೇಸರ ಬೇಡ. ಜಿಂಕ್ ಥಾಲೋಸಯನಿನ್ 670 ನ್ಯಾನೋಮೀಟರ್ ಹತ್ತಿರದ ಕೆಂಪು ಬೆಳಕನ್ನು ಚೆನ್ನಾಗಿ ಹೀರುತ್ತದೆ, ಆ ಬೆಳಕು ಚರ್ಮದೊಳಗೂ ಸ್ವಲ್ಪ ಇಳಿಯುತ್ತದೆ. ಗೆಡ್ಡೆಯ ಮೇಲೆ ಮಾತ್ರ ಬೆಳಕು ಬಿಟ್ಟು ಅಲ್ಲಿ ಮಾತ್ರ ಕೆಲಸ ಮಾಡಿಸುವ ದಾರಿಯೇ ಬೇರೆ ಇದೆ.

ಕತ್ತಲಲ್ಲೂ ಕತ್ತರಿಸಿದರೆ ಮುಂದಕ್ಕೆ ಹೋಗಿ. ಉರಿಯುವ ಕಣಗಳನ್ನು ಹಿಡಿದು ಹಾಕುವ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿ: ಹೈಡ್ರಾಕ್ಸಿಲ್‌ಗೆ ಮ್ಯಾನಿಟಾಲ್ ಅಥವಾ ಟರ್ಷಿಯರಿ ಬ್ಯುಟನಾಲ್, ಸಿಂಗ್ಲೆಟ್ ಆಮ್ಲಜನಕಕ್ಕೆ ಹಿಸ್ಟಿಡಿನ್ ಇಲ್ಲವೇ ಸೋಡಿಯಂ ಅಜೈಡ್, ಪೆರಾಕ್ಸೈಡ್‌ಗೆ ಕ್ಯಾಟಲೇಸ್, ಸೂಪರ್‌ಆಕ್ಸೈಡ್‌ಗೆ ಎಸ್‌ಒಡಿ ಕಿಣ್ವ ಹಾಕಿ ನೋಡಿ. ಹಿಸ್ಟಿಡಿನ್ ವಿಷಯದಲ್ಲಿ ಮಾತ್ರ ಹುಷಾರು, ಅದು ಜಿಂಕನ್ನೂ ಹಿಡಿಯುತ್ತದೆ, ಅಜೈಡ್ ಕೂಡ ಸ್ವಲ್ಪ ಹಾಗೆಯೇ. ಕತ್ತರಿಸುವುದು ನಿಂತರೆ ಸಿಂಗ್ಲೆಟ್ ಆಮ್ಲಜನಕ ಅಂತ ನೇರವಾಗಿ ತೀರ್ಮಾನಿಸಬೇಡಿ. ಒಂದು ಟ್ಯೂಬನ್ನು ಆರ್ಗಾನ್‌ನಲ್ಲಿ ಗಾಳಿ ತೆಗೆದು ಮಾಡಿ. ಗಾಳಿ ಇಲ್ಲದೆಯೂ ಅಷ್ಟೇ ಕತ್ತರಿಸಿದರೆ ಅದು ಬಲವಾದ ಸಾಕ್ಷಿ. ಇನ್ನೊಂದಕ್ಕೆ ನಿಯೋಕ್ಯುಪ್ರಾಯಿನ್ ಹಾಕಿ. ಅದು ಒಂದು ಆವೇಶದ ತಾಮ್ರವನ್ನು ಗಟ್ಟಿಯಾಗಿ ಹಿಡಿದು ಸುಮ್ಮನಾಗಿಸುತ್ತದೆ. ಇಡಿಟಿಎ ಲೇನಿಗಿಂತ ಇದು ಜಾಸ್ತಿ ಹೇಳುತ್ತದೆ, ಯಾಕೆಂದರೆ ಇಡಿಟಿಎ ಜಿಂಕನ್ನೂ ತಾಮ್ರವನ್ನೂ ಎರಡನ್ನೂ ನಿಲ್ಲಿಸುತ್ತದೆ, ಕಳ್ಳ ಯಾರು ಅಂತ ಹೇಳುವುದಿಲ್ಲ.

ಪಿಎಚ್ 6.5ರಿಂದ 9ರವರೆಗೆ ಬದಲಿಸಿ ವೇಗ ಅಳೆಯಿರಿ. ಜಿಂಕಿನ ಮೇಲಿನ ಹೈಡ್ರಾಕ್ಸೈಡೇ ಕೆಲಸ ಮಾಡುತ್ತಿದ್ದರೆ ಪಿಕೆಎ ಹತ್ತಿರ ವೇಗ ಏರಿ ಆಮೇಲೆ ಸಮವಾಗುವ ಎಸ್ ಆಕಾರದ ಗೆರೆ ಬರಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಇದು.

ಕೊನೆಯದು ಲಿಗೇಸ್, ಅಂದರೆ ಸೀಳಿದ ಡಿಎನ್‌ಎಯನ್ನು ಹೊಲಿಯುವ ಕಿಣ್ವ. ನೀರಿನಿಂದ ಕತ್ತರಿಸಿದರೆ ತುದಿಗಳು ಸ್ವಚ್ಛವಾಗಿ ಉಳಿಯುತ್ತವೆ, ಒಂದು ಕಡೆ ಫಾಸ್ಫೇಟ್, ಇನ್ನೊಂದು ಕಡೆ ಹೈಡ್ರಾಕ್ಸಿಲ್. ಟಿ4 ಲಿಗೇಸ್ ಅದನ್ನು ಮತ್ತೆ ಹೊಲಿಯಬಲ್ಲದು. ರ‍್ಯಾಡಿಕಲ್ ಹರಿದಿದ್ದರೆ ಸಕ್ಕರೆಯೇ ಹಾಳು, ಹೊಲಿಯಲು ಏನೂ ಉಳಿದಿರುವುದಿಲ್ಲ. ಬಹಳ ಜನ ಕಡ್ಡಿ ರೂಪವನ್ನು ಹೊಲಿಯಲು ಹೋಗುತ್ತಾರೆ. ಅಡ್ಡಾದಿಡ್ಡಿ ತುಂಡಾದ ತುದಿಗಳು ಒಂದಕ್ಕೊಂದು ಹೊಂದುವುದಿಲ್ಲ. ಅದರ ಬದಲು ಬಳೆ ರೂಪವನ್ನು ಜೆಲ್‌ನಿಂದ ತೆಗೆದು ಶುದ್ಧ ಮಾಡಿ, ಎಟಿಪಿ ಮತ್ತು ಲಿಗೇಸ್ ಹಾಕಿ 16 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಆಮೇಲೆ ಎಥಿಡಿಯಮ್ ಬೆರೆಸಿದ ಜೆಲ್‌ನಲ್ಲಿ ಓಡಿಸಬೇಕು. ಬೆರೆಸದ ಜೆಲ್‌ನಲ್ಲಿ ಹೊಲಿದ ಬಳೆ, ಹೊಲಿಯದ ಬಳೆ ಎರಡೂ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಎಥಿಡಿಯಮ್ ಇದ್ದರೆ ಹೊಲಿದದ್ದು ಹೊಸದಾಗಿ ಹುರಿಗೊಂಡು ಮುಂದೆ ಓಡುತ್ತದೆ. ಆದರೆ ಲಿಗೇಸ್ ಹೊಲಿಯಲಿಲ್ಲ ಅಂದ ಮಾತ್ರಕ್ಕೆ ನೀರಿನಿಂದ ಕತ್ತರಿಸಿಲ್ಲ ಅಂತ ತೀರ್ಪು ಕೊಡಬೇಡಿ. ಫಾಸ್ಫೇಟ್ ತಪ್ಪು ಬದಿಯಲ್ಲಿ ಉಳಿದಿದ್ದರೂ ಅದು ಹೊಲಿಯುವುದಿಲ್ಲ.

ವೇಗದ ಸಂಖ್ಯೆ ಬಗ್ಗೆ ಒಂದು ಮಾತು. “ಕೋಟಿ ಪಟ್ಟು ವೇಗ” ಅಂತ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಪಿಯುಸಿ19ರಲ್ಲಿ 5372 ಫಾಸ್ಫೋಡೈಎಸ್ಟರ್ ಬಂಧಗಳಿವೆ. ಯಾವುದೇ ಒಂದು ಬಿಟ್ಟರೂ ಬ್ಯಾಂಡ್ ಜಾಗ ಬದಲಿಸುತ್ತದೆ. ಅಂದರೆ ನೀವು ಅಳೆದಿದ್ದು ಇಡೀ ಪ್ಲಾಸ್ಮಿಡ್‌ನ ವೇಗ. ಅದನ್ನು ಒಂದೇ ಬಂಧದ ವೇಗದ ಜೊತೆ ಹೋಲಿಸುವ ಮುಂಚೆ 5372ರಿಂದ ಭಾಗಿಸಿ. ಸಂಖ್ಯೆ ಸಣ್ಣದಾಗುತ್ತದೆ, ಆದರೆ ಅದು ನಿಜವಾದ ಸಂಖ್ಯೆ.

ಕೋಶದ ಮೇಲೆ ಹಾಕುವ ಮುಂಚೆ

ಟ್ಯೂಬಿನಲ್ಲಿ ಬೆತ್ತಲೆ ಪ್ಲಾಸ್ಮಿಡ್ ಇತ್ತು. ಕೋಶದಲ್ಲಿ ಡಿಎನ್‌ಎ ಹಿಸ್ಟೋನ್ ಉಂಡೆಗಳಿಗೆ ಸುತ್ತಿಕೊಂಡು, ನ್ಯೂಕ್ಲಿಯಸ್ ಒಳಗೆ ಭದ್ರವಾಗಿರುತ್ತದೆ. ಅಲ್ಲಿಗೆ ತಲುಪುವ ದಾರಿಯಲ್ಲಿ ಜಿಂಕ್ ಕಸಿಯುವವರು ಸಾಲಾಗಿ ನಿಂತಿರುತ್ತಾರೆ. ಸೀರಮ್‌ನಲ್ಲಿ ಆಲ್ಬುಮಿನ್, ಕೋಶದೊಳಗೆ 1ರಿಂದ 10 ಮಿಲಿಮೋಲಾರ್ ಗ್ಲುಟಥಯೋನ್, ಒಂದೊಂದೂ ಏಳೇಳು ಜಿಂಕ್ ಹಿಡಿಯುವ ಮೆಟಲೋಥಯೋನಿನ್. ಹಾಗಾಗಿ ಎಂಟಿಟಿ ಪರೀಕ್ಷೆಯಲ್ಲಿ (ಬದುಕಿರುವ ಕೋಶಗಳು ನೇರಳೆ ಬಣ್ಣ ಕೊಡುವ ಪರೀಕ್ಷೆ) ಕ್ಯಾನ್ಸರ್ ಕೋಶ ಸತ್ತರೆ, ಕೊಂದಿದ್ದು ಡಿಎನ್‌ಎ ಕತ್ತರಿಸುವ ಗುಣವೇ ಅಂತ ಒಮ್ಮೆಲೇ ನಂಬಬೇಡಿ. ಬಿಡಿ ಫಿನಾಂತ್ರೋಲಿನ್ ತಾನೇ ಕೋಶಗಳಿಗೆ ವಿಷ. ಬಿಡಿ ಜಿಂಕ್ ಕೂಡ ನೂರಾರು ಮೈಕ್ರೋಮೋಲಾರ್‌ನಲ್ಲಿ ಕೊಲ್ಲುತ್ತದೆ. ಜೆಲ್‌ನಲ್ಲಿ ಹಾಕಿದ ಅದೇ ಕಂಟ್ರೋಲ್‌ಗಳು ಇಲ್ಲೂ ಬೇಕು: ಲಿಗ್ಯಾಂಡ್ ಒಂದೇ, ಜಿಂಕ್ ಉಪ್ಪು ಒಂದೇ, ಎರಡೂ ಬೆರೆಸಿದ್ದು.

ಹೋಲಿಕೆಗೆ ಸಿಸ್‌ಪ್ಲಾಟಿನ್ ಇಡುತ್ತೀರಲ್ಲ, ಅದನ್ನು ಡಿಎಂಎಸ್‌ಒದಲ್ಲಿ ಕರಗಿಸಬೇಡಿ. ಡಿಎಂಎಸ್‌ಒ ಪ್ಲಾಟಿನಮ್‌ಗೆ ಅಂಟಿಕೊಂಡು ಅದರ ಶಕ್ತಿ ಕುಂದಿಸುತ್ತದೆ, ಆಮೇಲೆ ನಿಮ್ಮ ಕಾಂಪ್ಲೆಕ್ಸ್ ಸುಳ್ಳು ಸುಳ್ಳೇ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ. 0.9% ಉಪ್ಪುನೀರಿನಲ್ಲಿ ಕರಗಿಸಿ. ಬಣ್ಣದ ಅಥವಾ ಆಂಟಿ ಆಕ್ಸಿಡೆಂಟ್ ಲಿಗ್ಯಾಂಡ್ ಇದ್ದರೆ ಕೋಶಗಳೇ ಇಲ್ಲದ ಗುಳಿಗಳಿಗೂ ಎಂಟಿಟಿ ಹಾಕಿ ನೋಡಿ, ಅಲ್ಲೂ ನೇರಳೆ ಬಣ್ಣ ಬಂದರೆ ಆ ಸಂಖ್ಯೆಗಳನ್ನು ನಂಬುವ ಹಾಗಿಲ್ಲ. ಆರೋಗ್ಯವಂತ ಕೋಶದ ಜೊತೆ ಹೋಲಿಸುವಾಗ ಎಚ್‌ಇಕೆ293ನ್ನು “ಸಾಮಾನ್ಯ ಕೋಶ” ಅಂತ ಕರೆಯಬೇಡಿ, ಅದು ವೈರಸ್ ಜೀನ್ ಸೇರಿಸಿ ಬದಲಾಯಿಸಿದ ಕೋಶ. ಚರ್ಮದ ಫೈಬ್ರೋಬ್ಲಾಸ್ಟ್ ಸಿಕ್ಕರೆ ಅದನ್ನೇ ಬಳಸಿ.

ಕೋಶದೊಳಗೆ ಡಿಎನ್‌ಎಗೆ ಪೆಟ್ಟು ಬಿದ್ದಿದೆ ಅಂತ ತೋರಿಸಲು ಕಾಮೆಟ್ ಪರೀಕ್ಷೆ (ಕೋಶದ ತುಂಡಾದ ಡಿಎನ್‌ಎ ಜೆಲ್‌ನಲ್ಲಿ ಬಾಲದ ಹಾಗೆ ಹರಿಯುತ್ತದೆ), ಗಾಮಾ-ಎಚ್2ಎಎಕ್ಸ್ ಚುಕ್ಕೆಗಳು (ಎರಡೂ ಎಳೆ ಮುರಿದ ಕಡೆ ಕಾಣುವ ಪ್ರೋಟೀನ್ ಗುರುತು) ಇವೆ. ಮಾಡುವ ಹೊತ್ತು ಮುಖ್ಯ. 48 ಗಂಟೆಗೆ ನೋಡಿದರೆ ಸಾಯುತ್ತಿರುವ ಕೋಶ ತನ್ನ ಡಿಎನ್‌ಎಯನ್ನು ತಾನೇ 180ರಿಂದ 200 ಬೇಸ್ ಜೋಡಿಗಳ ತುಂಡು ಮಾಡಿಕೊಂಡಿರುತ್ತದೆ. ಅದು ಸಾವಿನ ಫಲ, ಕಾರಣ ಅಲ್ಲ. 2 ಗಂಟೆ, 4 ಗಂಟೆಗೆ, ಕೋಶಗಳಿನ್ನೂ ಬದುಕಿರುವಾಗ ನೋಡಿ.

ಮನೆಯವರು, ಪರಿಚಯದವರು ಕೇಳುತ್ತಾರೆ, ಹಾಗಾದರೆ ಜಿಂಕ್ ಮಾತ್ರೆ ತಿಂದರೆ ಕ್ಯಾನ್ಸರ್ ಹೋಗುತ್ತದಾ ಅಂತ. ಇಲ್ಲ ಅಂತ ಸ್ಪಷ್ಟವಾಗಿ ಹೇಳಿ. ಮಾತ್ರೆಯ ಜಿಂಕಿಗೂ ಈ ಕಾಂಪ್ಲೆಕ್ಸ್‌ಗಳಿಗೂ ಸಂಬಂಧ ಇಲ್ಲ. ದಿನಕ್ಕೆ 40 ಮಿಲಿಗ್ರಾಂಗಿಂತ ಜಾಸ್ತಿ ಜಿಂಕ್ ಬಹಳ ದಿನ ತಿಂದರೆ ಮೈಯಲ್ಲಿ ತಾಮ್ರ ಕಡಿಮೆಯಾಗಿ ಬೇರೆಯೇ ತೊಂದರೆ ಶುರುವಾಗುತ್ತದೆ. ಕಾಯಿಲೆಯಿಂದ ನೊಂದಿರುವವರಿಗೆ ನಮ್ಮ ಜೆಲ್ ಫೋಟೋ ತೋರಿಸಿ ಆಸೆ ಹುಟ್ಟಿಸಬಾರದು.

ಬರೆಯುವಾಗ ಎಷ್ಟು ಸಾಕ್ಷಿ ಇದೆಯೋ ಅಷ್ಟೇ ಬರೆಯಿರಿ. ಬರೀ ಮೆಟ್ಟಿಲು ಜೆಲ್ ಮತ್ತು ಕಂಟ್ರೋಲ್ ಇದ್ದರೆ “ಈ ಕಾಂಪ್ಲೆಕ್ಸ್ ಇದ್ದಾಗ ಪ್ಲಾಸ್ಮಿಡ್ ಸೀಳುತ್ತದೆ” ಅನ್ನಿ. ಗಾಳಿ ಇಲ್ಲದ ಟ್ಯೂಬ್, ನಿಯೋಕ್ಯುಪ್ರಾಯಿನ್, ಪಿಎಚ್ ಗೆರೆ ಮೂರೂ ಒಂದೇ ಕಡೆ ಕೈ ತೋರಿಸಿದರೆ “ನೀರಿನಿಂದ ಕತ್ತರಿಸುತ್ತಿರುವ ಹಾಗಿದೆ” ಅನ್ನಬಹುದು. ಲಿಗೇಸ್ ಕೂಡ ಹೊಲಿದರೆ ಆಗ “ಹಾಗಿದೆ” ತೆಗೆದುಹಾಕಿ. ಜೆಲ್‌ನ ಪೂರ್ತಿ ಫೋಟೋ, ಗುಳಿಗಳೂ ಕಾಣುವ ಹಾಗೆ, ಕತ್ತರಿಸದೆ ಜೊತೆಗೆ ಇಡಿ. ಪ್ಲಾಸ್ಮಿಡ್ ಯಾವ ಬಫರಿನಲ್ಲಿತ್ತು ಅನ್ನುವುದನ್ನೂ ವಿಧಾನದ ಭಾಗದಲ್ಲಿ ಒಂದು ಸಾಲು ಬರೆಯಿರಿ.